ಹಣ ಬಂದ ದಿನ ಸಾಲ ತೀರಿಸುವ ಹಕ್ಕು



ನಮ್ಮ ಕಡೆಯಿಂದ ಗಾಣಗಾಪುರದ ದತ್ತ ಸನ್ನಿಧಿಗೆ ಹೋಗಿಬರುವವರು ಬಹಳ ಮಂದಿ. ಕಳೆದ ಹಂಗಾಮಿನ ಕೊಯ್ಲು, ಒಣಗು ಎಲ್ಲ ಮುಗಿದ ಮೇಲೆ ನಾವು ಐದಾರು ಜನ ಹಾಗೆ ಹೋದವರು, ಅದೇ ಅಫಜಲಪುರ ತಾಲ್ಲೂಕಿನ ಘತ್ತರಗಿಗೂ ಹೋಗಿ ಭಾಗ್ಯವಂತಿ ದೇವಿಯ ದರ್ಶನ ಮಾಡಿಕೊಂಡೆವು. ಭೀಮಾ ನದಿಯ ದಂಡೆಯ ಮೇಲಿನ ಊರು. ಸುತ್ತ ಎರೆ ಭೂಮಿ, ತೊಗರಿ, ಕಬ್ಬು. ನಮ್ಮ ತೋಟ, ತಟ್ಟು, ಮಳೆ ಯಾವುದೂ ಅಲ್ಲಿಲ್ಲ. ಆದರೂ ಗುಡಿಯ ಹೊರಗೆ ಚಹದ ಅಂಗಡಿಯಲ್ಲಿ ಜೊತೆಗೆ ಕುಳಿತ ಒಬ್ಬ ರೈತರು ಹೇಳಿದ ಮಾತು ನಮ್ಮ ಮನೆಯ ಮಾತೇ ಆಗಿತ್ತು.

ಅವರು ಮಗಳ ಕಾಲೇಜಿನ ಫೀಜಿಗೆಂದು ಹಿಂದಿನ ಮುಂಗಾರಿನಲ್ಲಿ ಒಂದು ಸಾಲ ಕೊಡುವ ಕಂಪನಿಯಿಂದ ಮೂರು ವರ್ಷದ ವಾಯಿದೆಗೆ ವೈಯಕ್ತಿಕ ಸಾಲ ತೆಗೆದಿದ್ದರು. ವಿಚಾರಿಸಿದ ನಾಲ್ಕು ಕಡೆಗಳಲ್ಲಿ ಅದರದ್ದೇ ಬಡ್ಡಿ ಕಡಿಮೆ. ತೊಗರಿ ಮಾರಿ, ಕಬ್ಬಿನ ಬಿಲ್ಲೂ ಕೈಗೆ ಬಂದ ಮೇಲೆ, ಇನ್ನು ತಿಂಗಳು ತಿಂಗಳು ಕಂತಿನ ರಗಳೆ ಬೇಡವೆಂದು ಪೂರ್ತಿ ಹಣ ಹಿಡಿದುಕೊಂಡು ಹೋದರು. ಬಾಕಿ ಅಸಲಿನ ಮೇಲೆ ಶೇಕಡಾ 4, ಅದರ ಮೇಲೆ ತೆರಿಗೆ, ಇಷ್ಟು ಬೇರೆ ಕೊಟ್ಟರೆ ಮಾತ್ರ ಖಾತೆ ಮುಚ್ಚುತ್ತೇವೆ ಎಂದು ಅಲ್ಲಿ ಹೇಳಿದರಂತೆ. ‘ಸಾಲ ಕಟ್ಟಲಿಲ್ಲಂದ್ರ ದಂಡ ಹಾಕೋದು ಕೇಳೀವ್ರಿ. ಕಟ್ತೀನಿ ತಗೋರಿ ಅಂದ್ರೂ ದಂಡ ಹಾಕ್ತಾರಂತ ಈಗ ಗೊತ್ತಾತು ನೋಡ್ರಿ’ ಎಂದು ಅವರು ನಕ್ಕರು. ನಮಗೆ ನಗು ಬರಲಿಲ್ಲ. ನಮ್ಮಲ್ಲೇ ಇಬ್ಬರಿಗೆ ಆ ಅನುಭವ ಆಗಿತ್ತು. ಹೇಳಿಕೊಂಡಿರಲಿಲ್ಲ, ಅಷ್ಟೆ.

ಊರಿಗೆ ಮರಳಿದ ಮೇಲೆ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ವಿಚಾರಿಸಿ ಬರೆಯುವುದು ಒಳ್ಳೆಯದೆಂದು ತೋರಿತು. ಮದುವೆ, ಆಸ್ಪತ್ರೆ, ಮಕ್ಕಳ ವಿದ್ಯಾಭ್ಯಾಸ ಇವುಗಳಿಗೆ ಸಾಲ ಮಾಡದ ಸಣ್ಣ ಬೆಳೆಗಾರರ ಮನೆ ನಮ್ಮಲ್ಲಿ ಎಷ್ಟಿದೆ? ಸಾಲ ಕೇಳುವಾಗ ನಾವೆಲ್ಲರೂ ಕೇಳುವ ಮೊದಲ ಪ್ರಶ್ನೆ ‘ಬಡ್ಡಿ ಎಷ್ಟು?’ ಎಂಬುದು. ಎರಡನೆಯ ಪ್ರಶ್ನೆ ‘ತಿಂಗಳಿಗೆ ಎಷ್ಟು ಕಟ್ಟಬೇಕು?’ ಎಂಬುದು. ‘ಮೊದಲೇ ತೀರಿಸಿದರೆ ಏನು ಕೊಡಬೇಕು?’ ಎಂಬ ಮೂರನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನಮ್ಮಂಥವರಿಗೆ ಅದೇ ಮೊದಲನೆಯದಾಗಬೇಕು ಎಂಬುದು ನಮ್ಮ ಅಭಿಪ್ರಾಯ.

ಕಾರಣ ಸರಳವಾಗಿದೆ. ತಿಂಗಳ ಸಮಾನ ಕಂತು ಎಂಬುದು ತಿಂಗಳ ಸಂಬಳದವರಿಗಾಗಿ ಹೊಲಿದ ಅಂಗಿ. ಒಂದನೇ ತಾರೀಖು ಸಂಬಳ ಬರುತ್ತದೆ, ಐದನೇ ತಾರೀಖು ಕಂತು ಹೋಗುತ್ತದೆ, ಹೀಗೆ ಮೂವತ್ತಾರು ತಿಂಗಳು. ನಮ್ಮ ಹಣ ಹಾಗೆ ಬರುವುದಿಲ್ಲ. ಅರೇಬಿಕಾ, ರೋಬಸ್ಟಾ ಒಣಗಿ ಮಾರಾಟವಾಗುವುದು, ಚಾಲಿಯೋ ರಾಶಿಯೋ ಮಂಡಿಗೆ ಹೋಗುವುದು ವರ್ಷದ ಕೆಲವೇ ತಿಂಗಳುಗಳಲ್ಲಿ. ಖರ್ಚು ಮಾತ್ರ ಜೂನ್ ಹತ್ತಿರವಾದಂತೆ ಮೈಲುತುತ್ತ, ಗೊಬ್ಬರ, ಕೂಲಿ, ಶಾಲೆಯ ಫೀಜು ಎಂದು ಒಟ್ಟಿಗೆ ಮೇಲೆ ಬೀಳುತ್ತದೆ. ಹೀಗಿರುವಾಗ ಮೂರು ವರ್ಷದ ಸಾಲವನ್ನು ಮೂರು ವರ್ಷವೂ ಇಟ್ಟುಕೊಳ್ಳುವ ಬೆಳೆಗಾರ ಕಡಿಮೆ. ಒಂದು ಒಳ್ಳೆಯ ಹಂಗಾಮು ಬಂದರೆ ತೀರಿಸಿಬಿಡಲು ನೋಡುತ್ತಾನೆ. ಹಾಗೆ ತೀರಿಸುವ ದಿನದವರೆಗೆ ಜೇಬಿನಿಂದ ಹೋದ ಒಟ್ಟು ಹಣವೇ ಆ ಸಾಲದ ನಿಜವಾದ ಬೆಲೆ.

ಒಂದು ಲೆಕ್ಕ ಮಾಡಿ ನೋಡೋಣ. ಜೂನ್‌ನಲ್ಲಿ 2,00,000 ರೂ. ಸಾಲ, 36 ಕಂತು. ಹತ್ತು ಕಂತು ಕಟ್ಟಿ, ಕಾಫಿ ಮಾರಿದ ಹಣದಲ್ಲಿ ಏಪ್ರಿಲ್ ಹೊತ್ತಿಗೆ ಪೂರ್ತಿ ತೀರಿಸುವ ಅಂದಾಜು. ಮೊದಲನೆಯ ಕಡೆ ಬಡ್ಡಿ ಶೇಕಡಾ 11, ಸಂಸ್ಕರಣಾ ಶುಲ್ಕ ಶೇಕಡಾ 2, ಅವಧಿಗೆ ಮುಂಚೆ ತೀರಿಸಿದರೆ ಬಾಕಿ ಅಸಲಿನ ಶೇಕಡಾ 4. ಎರಡನೆಯ ಕಡೆ ಬಡ್ಡಿ ಶೇಕಡಾ 12.5, ಸಂಸ್ಕರಣಾ ಶುಲ್ಕ ಶೇಕಡಾ ಅರ್ಧ, ಮುಂಚೆ ತೀರಿಸಲು ಏನೂ ಇಲ್ಲ. ಶುಲ್ಕಗಳ ಮೇಲೆ ಶೇಕಡಾ 18ರ ಜಿ.ಎಸ್.ಟಿ. ಎರಡೂ ಕಡೆ ಇದೆ. ಯಾವುದು ಅಗ್ಗ? ಅಂಗಡಿ ಬಾಗಿಲಲ್ಲಿ ನಿಂತು ಕೇಳಿದರೆ ನಾವೂ ಮೊದಲನೆಯದನ್ನೇ ತೋರಿಸುತ್ತಿದ್ದೆವು.

ಮೊದಲನೆಯದರಲ್ಲಿ ಕಂತು ಸುಮಾರು 6,548 ರೂ. ಹತ್ತು ತಿಂಗಳಲ್ಲಿ ಹೋಗುವ ಬಡ್ಡಿ ಸುಮಾರು 16,340 ರೂ. ಸಂಸ್ಕರಣಾ ಶುಲ್ಕ ತೆರಿಗೆ ಸೇರಿ 4,720 ರೂ. ಆಗ ಉಳಿದಿರುವ ಅಸಲು ಸುಮಾರು 1,50,860 ರೂ. ಅದರ ಮೇಲೆ ಶೇಕಡಾ 4 ಮತ್ತು ತೆರಿಗೆ ಸೇರಿ ಸುಮಾರು 7,120 ರೂ. ಒಟ್ಟು 28,180 ರೂಪಾಯಿ. ಎರಡನೆಯದರಲ್ಲಿ ಕಂತು ಸುಮಾರು 6,691 ರೂ., ಬಡ್ಡಿ 18,610 ರೂ., ಶುಲ್ಕ 1,180 ರೂ. ಒಟ್ಟು 19,790 ರೂಪಾಯಿ. ಬಡ್ಡಿ ಒಂದೂವರೆ ರೂಪಾಯಿ ಹೆಚ್ಚಿರುವ ಸಾಲವೇ ಎಂಟು ಸಾವಿರಕ್ಕೂ ಮೇಲ್ಪಟ್ಟು ಅಗ್ಗವಾಯಿತು!

ಇದೇ ಎರಡು ಸಾಲಗಳನ್ನು ಮೂವತ್ತಾರು ತಿಂಗಳೂ ಪೂರ್ತಿ ನಡೆಸಿದರೆ ಮೊದಲನೆಯದು ಸುಮಾರು 1,600 ರೂಪಾಯಿಯಷ್ಟು ಅಗ್ಗ. ಅಂದರೆ ಸಂಬಳದ ನೌಕರನಿಗೆ ಅದು ಒಳ್ಳೆಯ ಸಾಲ, ಬೆಳೆಗಾರನಿಗೆ ಕೆಟ್ಟ ಸಾಲ. ಸಾಲದಲ್ಲಿ ತಪ್ಪಿಲ್ಲ, ಅದನ್ನು ಆರಿಸಿಕೊಂಡ ನಮ್ಮಲ್ಲಿ ತಪ್ಪಿದೆ.

ಈ ದಂಡವನ್ನು ಸರ್ಕಾರ ಕೇಳುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ರಿಸರ್ವ್ ಬ್ಯಾಂಕು ಕೇಳಿದೆ, ಆದರೆ ಹಂತ ಹಂತವಾಗಿ, ಒಂದು ಷರತ್ತಿನೊಂದಿಗೆ. 2012ರ ಜೂನ್‌ನಲ್ಲಿ ಬದಲಾಗುವ ಬಡ್ಡಿಯ ಗೃಹ ಸಾಲಗಳ ಮೇಲೆ ಬ್ಯಾಂಕುಗಳು ಇಂಥ ಶುಲ್ಕ ಹಾಕಬಾರದೆಂದಿತು. 2014ರ ಮೇ ತಿಂಗಳಲ್ಲಿ ವ್ಯಕ್ತಿಗಳು ತೆಗೆದ, ಬದಲಾಗುವ ಬಡ್ಡಿಯ ಎಲ್ಲ ಅವಧಿ ಸಾಲಗಳಿಗೂ ಇದನ್ನು ವಿಸ್ತರಿಸಿತು. 2025ರ ಜುಲೈ 2ರಂದು ಇನ್ನೂ ವಿಶಾಲವಾದ ನಿರ್ದೇಶನ ಹೊರಡಿಸಿತು. 2026ರ ಜನವರಿ 1ರಿಂದ ಮಂಜೂರಾಗುವ ಅಥವಾ ನವೀಕರಣವಾಗುವ ಸಾಲಗಳಿಗೆ ಅದು ಅನ್ವಯ. ವ್ಯವಹಾರಕ್ಕಲ್ಲದೆ ಸ್ವಂತ ಅಗತ್ಯಕ್ಕೆ ವ್ಯಕ್ತಿಯೊಬ್ಬ ತೆಗೆದ ಬದಲಾಗುವ ಬಡ್ಡಿಯ ಸಾಲವನ್ನು ಬೇಗ ತೀರಿಸಿದರೆ ಬ್ಯಾಂಕಾಗಲಿ, ಸಹಕಾರಿ ಬ್ಯಾಂಕಾಗಲಿ, ಬ್ಯಾಂಕೇತರ ಹಣಕಾಸು ಕಂಪನಿಯಾಗಲಿ ಶುಲ್ಕ ಹಾಕುವಂತಿಲ್ಲ. ತೀರಿಸುವ ಹಣ ಎಲ್ಲಿಂದ ಬಂತೆಂದು ನೋಡುವಂತಿಲ್ಲ. ಇಷ್ಟು ಕಂತು ಕಟ್ಟಿದ ಮೇಲೆಯೇ ತೀರಿಸಬೇಕೆಂಬ ಕಟ್ಟೂ ಇಲ್ಲ.

ವ್ಯವಹಾರಕ್ಕೆಂದು ವ್ಯಕ್ತಿಗಳು ತೆಗೆದ, ಬದಲಾಗುವ ಬಡ್ಡಿಯ ಸಾಲಕ್ಕೂ ಈ ನಿರ್ದೇಶನದಲ್ಲಿ ರಕ್ಷಣೆ ಇದೆ. ವಾಣಿಜ್ಯ ಬ್ಯಾಂಕುಗಳು ಶುಲ್ಕ ಹಾಕುವಂತಿಲ್ಲ. ಗ್ರಾಮೀಣ ಬ್ಯಾಂಕು, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು, ರಾಜ್ಯ ಸಹಕಾರಿ ಬ್ಯಾಂಕುಗಳು 50 ಲಕ್ಷ ರೂ.ವರೆಗೆ ಮಂಜೂರಾದ ಸಾಲದ ಮೇಲೆ ಹಾಕುವಂತಿಲ್ಲ. ನಮ್ಮ ಸಣ್ಣ ಬೆಳೆಗಾರರಲ್ಲಿ 50 ಲಕ್ಷ ದಾಟುವವರು ಯಾರೂ ಇರಲಾರರು ಎಂದುಕೊಳ್ಳುತ್ತೇವೆ. ಇದ್ದರೆ ಅವರು ಈ ಪತ್ರಿಕೆಗೆ ಜಾಹೀರಾತು ಕೊಡಬೇಕಾಗಿ ವಿನಂತಿ.

ಈಗ ಆ ಷರತ್ತಿಗೆ ಬರೋಣ. ಮೇಲಿನ ಎಲ್ಲ ಸಾಲುಗಳಲ್ಲೂ ‘ಬದಲಾಗುವ ಬಡ್ಡಿ’ ಎಂಬ ಮಾತಿದೆ, ಗಮನಿಸಿರಿ. ಮಾರುಕಟ್ಟೆಯ ದರ ಏರಿದರೆ ಏರುವ, ಇಳಿದರೆ ಇಳಿಯುವ ಬಡ್ಡಿ ಅದು. ಬ್ಯಾಂಕಿನವರು ಫ್ಲೋಟಿಂಗ್ ಎನ್ನುತ್ತಾರೆ. ನಮಗೆ ಆಸ್ತಿ ಅಡವಿಲ್ಲದೆ ಸಿಗುವ ವೈಯಕ್ತಿಕ ಸಾಲಗಳು ಬಹುಮಟ್ಟಿಗೆ ಸ್ಥಿರ ಬಡ್ಡಿಯವು. ಸ್ಥಿರ ಬಡ್ಡಿಯ ಸಾಲಕ್ಕೆ ಈ ಸಂಪೂರ್ಣ ರಕ್ಷಣೆ ಇಲ್ಲ. ಅಲ್ಲಿ ಸಾಲ ಕೊಡುವವರು ತಮ್ಮ ಆಡಳಿತ ಮಂಡಲಿ ಒಪ್ಪಿದ ನೀತಿಯಂತೆ ಶುಲ್ಕ ಇಟ್ಟುಕೊಳ್ಳಬಹುದು. ಆದರೆ ಅದನ್ನು ಮಂಜೂರಾತಿ ಪತ್ರದಲ್ಲೂ ಕರಾರಿನಲ್ಲೂ ಮೊದಲೇ ಬರೆದಿರಬೇಕು. ಬರೆಯದಿದ್ದ ಶುಲ್ಕವನ್ನು ಆಮೇಲೆ ಕೇಳುವಂತಿಲ್ಲ. ‘ರಿಸರ್ವ್ ಬ್ಯಾಂಕು ದಂಡ ತೆಗೆದುಹಾಕಿದೆಯಂತೆ’ ಎಂಬ ಅರ್ಧ ಸುದ್ದಿಯನ್ನು ನಂಬಿ ಸ್ಥಿರ ಬಡ್ಡಿಯ ಕಾಗದಕ್ಕೆ ರುಜು ಹಾಕಿದವರು ಮೋಸ ಹೋಗುತ್ತಾರೆ. ಆದ್ದರಿಂದ ಮ್ಯಾನೇಜರರ ಮುಂದೆ ಕುಳಿತಾಗ ‘ಈ ಬಡ್ಡಿ ಸ್ಥಿರವೋ, ಬದಲಾಗುವುದೋ?’ ಎಂದು ಬಾಯಿಬಿಟ್ಟು ಕೇಳಬೇಕು. ಸ್ಥಿರ ಎಂದರೆ, ‘ಮುಂಚೆ ತೀರಿಸಿದರೆ ಶುಲ್ಕ ಎಷ್ಟು, ಎಷ್ಟು ಕಂತಿನ ಮೇಲೆ, ತುಂಡು ತುಂಡಾಗಿ ಕಟ್ಟಬಹುದೇ?’ ಎಂಬುದು ಮುಂದಿನ ಪ್ರಶ್ನೆ. ಸ್ಥಿರ ಬಡ್ಡಿಯಲ್ಲೂ ಶುಲ್ಕವಿಲ್ಲದೆ ಕೊಡುವವರು ಇದ್ದಾರೆ. ಹುಡುಕಬೇಕು.

ಬಾಯಿಮಾತನ್ನು ನಂಬಬೇಕಾಗಿಲ್ಲ. ಕೈಗೆ ಒಂದು ಹಾಳೆ ಕೊಡಬೇಕೆಂದು ನಿಯಮವೇ ಇದೆ. 2024ರ ಅಕ್ಟೋಬರ್ 1ರಿಂದ ವ್ಯಕ್ತಿಗಳಿಗೆ ಕೊಡುವ ಪ್ರತಿ ಹೊಸ ಅವಧಿ ಸಾಲಕ್ಕೂ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಎಂಬ ಪತ್ರವನ್ನು, ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ, ಕರಾರಿಗೆ ಮೊದಲೇ ಕೊಡಬೇಕು. ನಾವು ಇದನ್ನು ಮುಖ್ಯಾಂಶಗಳ ಹಾಳೆ ಎನ್ನೋಣ. ನಮಗೆ ತಿಳಿಯುವ ಭಾಷೆ ಕನ್ನಡ. ಕೇಳಿ ಪಡೆಯಲು ಸಂಕೋಚ ಬೇಡ. ಏಳು ದಿನ ಅಥವಾ ಹೆಚ್ಚಿನ ಅವಧಿಯ ಸಾಲವಾದರೆ ಆ ಹಾಳೆಯಲ್ಲಿ ಹೇಳಿದ ಷರತ್ತುಗಳು ಕನಿಷ್ಠ ಮೂರು ಕೆಲಸದ ದಿನ ಊರ್ಜಿತವಾಗಿರಬೇಕು. ಅಂದರೆ ಹಾಳೆಯನ್ನು ಮನೆಗೆ ತಂದು, ಮಕ್ಕಳಿಂದ ಓದಿಸಿ, ಇನ್ನೊಂದು ಕಡೆಯ ಹಾಳೆಯ ಪಕ್ಕದಲ್ಲಿಟ್ಟು ನೋಡುವಷ್ಟು ಸಮಯ ನಿಮಗಿದೆ. ‘ಇವತ್ತೇ ಸಹಿ ಹಾಕಿ, ನಾಳೆ ಈ ದರ ಇರುವುದಿಲ್ಲ’ ಎನ್ನುವವರಿಗೆ ಈ ನಿಯಮ ನೆನಪಿಸಬಹುದು.

ಆ ಹಾಳೆಯಲ್ಲಿ ಎ.ಪಿ.ಆರ್. ಎಂಬ ಒಂದು ಅಂಕಿ ಇರುತ್ತದೆ. ಬಡ್ಡಿಯ ಜೊತೆ ಸಂಸ್ಕರಣಾ ಶುಲ್ಕ, ವಿಮೆ ಮುಂತಾದ ಖರ್ಚುಗಳನ್ನೆಲ್ಲ ಸೇರಿಸಿ ವರ್ಷಕ್ಕೆ ಶೇಕಡಾ ಎಷ್ಟು ಬೀಳುತ್ತದೆಂಬ ಲೆಕ್ಕ ಅದು. ಎರಡು ಸಾಲಗಳನ್ನು ಹೋಲಿಸಲು ಬರಿಯ ಬಡ್ಡಿಗಿಂತ ಇದು ಎಷ್ಟೋ ಮೇಲು. ಆದರೆ ಇದರಲ್ಲೂ ಒಂದು ಸೂಕ್ಷ್ಮವಿದೆ: ಮುಂಚೆ ತೀರಿಸುವ ಶುಲ್ಕ ಈ ಅಂಕಿಯೊಳಗೆ ಸೇರಿರುವುದಿಲ್ಲ. ಅದು, ತಪ್ಪಿದ ಕಂತಿನ ದಂಡ ಮೊದಲಾದವುಗಳೊಂದಿಗೆ, ಸಂದರ್ಭ ಬಂದಾಗ ಬೀಳುವ ಶುಲ್ಕಗಳ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇರುತ್ತದೆ. ಫೋರ್‌ಕ್ಲೋಶರ್ ಎಂಬ ಹೆಸರಿನ ಆ ಸಾಲನ್ನು ಬೆರಳಿಟ್ಟು ಹುಡುಕಿ. ಘತ್ತರಗಿಯ ರೈತರ ಕಾಗದದಲ್ಲೂ ಅದು ಇತ್ತಂತೆ. ಆಗ ಯಾರೂ ತೋರಿಸಲಿಲ್ಲ, ಇವರೂ ನೋಡಲಿಲ್ಲ.

ಇನ್ನೊಂದು ಹಳೆಯ ಬಲೆಯ ಬಗ್ಗೆ ಎಚ್ಚರ ಹೇಳದೆ ಮುಂದೆ ಹೋಗುವಂತಿಲ್ಲ. ಕೆಲವರು ‘ಫ್ಲಾಟ್ ಶೇಕಡಾ 12’ ಎನ್ನುತ್ತಾರೆ. ಅಸಲು ಕರಗುತ್ತಿದ್ದರೂ ಕೊನೆಯ ಕಂತಿನವರೆಗೂ ಮೊದಲ ದಿನದ ಪೂರ್ತಿ ಅಸಲಿಗೇ ಬಡ್ಡಿ ಹಾಕುವ ಪದ್ಧತಿ ಅದು. 2 ಲಕ್ಷಕ್ಕೆ ಮೂರು ವರ್ಷದ ಬಡ್ಡಿ 72,000 ರೂ., ಕಂತು 7,556 ರೂ. ಇದನ್ನು ಕರಗುವ ಬಾಕಿಯ ಲೆಕ್ಕಕ್ಕೆ ತಿರುಗಿಸಿದರೆ ಶೇಕಡಾ 21ಕ್ಕೂ ಮೇಲಾಗುತ್ತದೆ. ಎ.ಪಿ.ಆರ್. ಎಷ್ಟೆಂದು ಕೇಳಿದ ಕೂಡಲೇ ಈ ಮುಖವಾಡ ಕಳಚುತ್ತದೆ.

ಹಾಗಾದರೆ ಅಗ್ಗದ ಸಾಲವನ್ನು ಎಲ್ಲಿ ಹುಡುಕಬೇಕು? ನಮ್ಮ ಉತ್ತರ ಕೆಲವರಿಗೆ ಬೇಸರ ತರಬಹುದು: ವೈಯಕ್ತಿಕ ಸಾಲವನ್ನು ಕೊನೆಯಲ್ಲಿ ಹುಡುಕಬೇಕು. ಮೊದಲು ಮನೆಯ ಪೆಟ್ಟಿಗೆ, ಆಮೇಲೆ ಸಂಘ, ಆಮೇಲೆ ಪೇಟೆ.

ಸಂಘದ ಮಾತನ್ನು ಮೊದಲು ಹೇಳಿಬಿಡುತ್ತೇವೆ. ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರಲ್ಲವೇ, ಅಂದಿನಿಂದಲೂ ಬೆಳೆ ಸಾಲದ ವಾಯಿದೆ ಬೆಳೆಯ ಜೊತೆ ನಡೆಯುತ್ತದೆ. ಬಿತ್ತುವಾಗ ಸಾಲ, ಮಾರಿದಾಗ ತೀರುವಳಿ. ಕಂತಿನ ಅಂಗಿ ಇಲ್ಲ. ನಮ್ಮ ರಾಜ್ಯದಲ್ಲಿ ಸಹಕಾರ ಸಂಘಗಳ ಮೂಲಕ ಕೊಡುವ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು 2023-24ರ ಆಯವ್ಯಯದಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಶೇಕಡಾ 3ರ ಬಡ್ಡಿಯ ಮಧ್ಯಮಾವಧಿ, ದೀರ್ಘಾವಧಿ ಸಾಲದ ಮಿತಿಯನ್ನು 10ರಿಂದ 15 ಲಕ್ಷಕ್ಕೆ ಏರಿಸಲಾಯಿತು. ವಾಯಿದೆಯೊಳಗೆ ಕಟ್ಟಿದವರಿಗೆ ಮಾತ್ರ ಈ ರಿಯಾಯಿತಿ. ಮಿತಿ ಎಷ್ಟೇ ಇದ್ದರೂ ನಿಮ್ಮ ಸಂಘದಲ್ಲಿ ಎಷ್ಟು ಸಿಗುತ್ತದೆಂಬುದು ಹಿಡುವಳಿಯ ಮೇಲೆ, ಸಂಘಕ್ಕೆ ಬಂದ ಹಣದ ಮೇಲೆ ಹೋಗುತ್ತದೆ. ಕಾರ್ಯದರ್ಶಿಯವರನ್ನು ಕೇಳುವುದೇ ದಾರಿ.

ಬೆಳೆ ಸಾಲದಲ್ಲಿ ಮಗಳ ಫೀಜು ಹೇಗೆ ಕಟ್ಟುವುದು ಎನ್ನುವಿರಿ. ಕಿಸಾನ್ ಕ್ರೆಡಿಟ್ ಕಾರ್ಡಿನ ಮಿತಿಯನ್ನು ಹಾಕುವಾಗ ಬೆಳೆಯ ಖರ್ಚಿನ ಮೇಲೆ ಇನ್ನು ಶೇಕಡಾ 10ರಷ್ಟನ್ನು ಕೊಯ್ಲಿನ ನಂತರದ ಹಾಗೂ ಮನೆ ಖರ್ಚಿಗೆಂದು ಸೇರಿಸುವ ಏರ್ಪಾಡು ಯೋಜನೆಯಲ್ಲಿಯೇ ಇದೆ. ತೋಟದ ಸಲಕರಣೆಗಳ ನಿರ್ವಹಣೆಗೆ ಶೇಕಡಾ 20 ಬೇರೆ. ಇದು ಕಂತಿನ ಸಾಲವಲ್ಲ. ಹಣ ಬಂದಾಗ ಕಟ್ಟಿ, ಬೇಕಾದಾಗ ಮತ್ತೆ ತೆಗೆಯುವ ಖಾತೆ. ಕಟ್ಟಿದ ದಿನದಿಂದ ಅಷ್ಟರ ಮಟ್ಟಿಗೆ ಬಡ್ಡಿ ನಿಂತಿತು. ನಮ್ಮ ಬದುಕಿನ ಲಯಕ್ಕೆ ಇಷ್ಟು ಸರಿಯಾಗಿ ಹೊಂದುವ ಸಾಲ ಇನ್ನೊಂದಿಲ್ಲವೆಂದೇ ನಾವು ತಿಳಿದಿದ್ದೇವೆ. ಹಾಗಿದ್ದೂ ಕಾರ್ಡಿನ ಮಿತಿಯನ್ನು ವರ್ಷಾನುಗಟ್ಟಲೆ ನವೀಕರಿಸದೆ, ಹಳೆಯ ಮೊತ್ತದಲ್ಲೇ ಬಿಟ್ಟು, ಪೇಟೆಯಲ್ಲಿ ಶೇಕಡಾ 18ಕ್ಕೆ ಸಾಲ ಮಾಡುವ ಸದಸ್ಯರನ್ನು ನಾವು ಕಂಡಿದ್ದೇವೆ. ಜೊತೆಗೆ, ಅಡವಿಲ್ಲದೆ ಕೊಡುವ ಕೃಷಿ ಸಾಲದ ಮಿತಿಯನ್ನು ರಿಸರ್ವ್ ಬ್ಯಾಂಕು 2025ರ ಜನವರಿ 1ರಿಂದ 1.6 ಲಕ್ಷದಿಂದ 2 ಲಕ್ಷಕ್ಕೆ ಏರಿಸಿದೆ.

ಮನೆಯ ಪೆಟ್ಟಿಗೆ ಎಂದೆವು. ಅದರಲ್ಲಿ ಠೇವಣಿ ರಸೀತಿ ಇದ್ದರೆ ಅದರ ಮೇಲಿನ ಸಾಲವೇ ಸಾಮಾನ್ಯವಾಗಿ ಅತಿ ಅಗ್ಗ. ಠೇವಣಿಗೆ ಬರುವ ಬಡ್ಡಿಗಿಂತ ಒಂದೆರಡು ರೂಪಾಯಿಯಷ್ಟೇ ಹೆಚ್ಚು, ಬೇಕೆಂದ ದಿನ ತೀರಿಸಬಹುದು. ಪಿಗ್ಮಿ ಕಟ್ಟುವವರು ಅದರ ಮೇಲಿನ ಸಾಲವನ್ನೂ ವಿಚಾರಿಸಬಹುದು. ಜೀವ ವಿಮಾ ನಿಗಮದ ಪಾಲಿಸಿ ಹಳೆಯದಾಗಿದ್ದರೆ ಅದರ ಮೇಲೂ ಸಾಲ ಉಂಟು. ಅಲ್ಲಿ ಒಂದು ಅಂಶ ಗಮನಿಸಿ: ಆರು ತಿಂಗಳೊಳಗೆ ತೀರಿಸಿದರೂ ಆರು ತಿಂಗಳ ಬಡ್ಡಿ ಕೊಡಬೇಕು. ದಂಡವೆಂಬ ಹೆಸರಿಲ್ಲದ ದಂಡ ಇದು. ಎರಡು ತಿಂಗಳಿಗೆ ಹಣ ಬೇಕಾದವರಿಗೆ ಹೊಂದುವುದಿಲ್ಲ, ಹತ್ತು ತಿಂಗಳಿಗಾದರೆ ತೊಂದರೆಯಿಲ್ಲ.

ಚಿನ್ನದ ಮಾತು ಬಂದರೆ ಮನೆಯಲ್ಲಿ ಮುಖ ಸಿಂಡರಿಸುತ್ತಾರೆ. ಆದರೂ ಅಗತ್ಯ ಅಲ್ಪಾವಧಿಯದಾದರೆ, ಸಹಕಾರಿ ಅಥವಾ ರಾಷ್ಟ್ರೀಕೃತ ಬ್ಯಾಂಕಿನ ಒಡವೆ ಸಾಲ ಅಡವಿಲ್ಲದ ವೈಯಕ್ತಿಕ ಸಾಲಕ್ಕಿಂತ ಬಹುತೇಕ ಅಗ್ಗವಾಗಿಯೇ ಬೀಳುತ್ತದೆ. ಬಾಕಿಯನ್ನು ಎಷ್ಟು ಬೇಕಾದರೂ ಮುಂಚೆ ಕಟ್ಟಬಹುದೇ, ಕನಿಷ್ಠ ಇಷ್ಟು ದಿನದ ಬಡ್ಡಿ ಎಂಬ ಷರತ್ತು ಇದೆಯೇ ಎಂದು ಕೇಳಿಕೊಳ್ಳಿ. ಅಡಿಕೆ ಬೆಳೆದವರಿಗೆ ಇನ್ನೊಂದು ದಾರಿಯಿದೆ. ಮಾರಾಟ ಸಹಕಾರಿ ಸಂಘದ ಗೋದಾಮಿನಲ್ಲಿ ಮಾಲು ಇಟ್ಟು ಅದರ ಮೇಲೆ ಮುಂಗಡ ತೆಗೆಯುವುದು. ಧಾರಣೆ ಬಂದಾಗ ಮಾಲು ಮಾರಾಟ, ಅದರಲ್ಲೇ ಸಾಲದ ಜಮಾ. ಮುಂಚೆಯೇ ತೀರಿಸುವುದು ಎಂಬ ಪ್ರಶ್ನೆಯೇ ಅಲ್ಲಿ ಹುಟ್ಟುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೂ ವೈಯಕ್ತಿಕ ಸಾಲವೇ ಬೇಕಾದರೆ, ನಿಮ್ಮ ಖಾತೆ ಹಲವು ವರ್ಷದಿಂದ ಇರುವ ಬ್ಯಾಂಕಿನಿಂದ ಆರಂಭಿಸಿ. ಕಾಫಿ, ಅಡಿಕೆ ಮಾರಿದ ಹಣ ವರ್ಷ ವರ್ಷವೂ ಅಲ್ಲಿಗೇ ಜಮೆಯಾಗಿದ್ದರೆ ಆ ಪಾಸ್‌ಬುಕ್ಕೇ ನಿಮ್ಮ ಸಂಬಳದ ಚೀಟಿ. ಕೂಲಿಯನ್ನೂ ವ್ಯಾಪಾರವನ್ನೂ ನಗದಿನಲ್ಲೇ ಮುಗಿಸುವವರಿಗೆ ಇದು ಸಿಗುವುದಿಲ್ಲ. ಅದಕ್ಕೆ ಮೊದಲು ನಿಮ್ಮ ಸಾಲದ ಇತಿಹಾಸದ ವರದಿಯನ್ನು ಒಮ್ಮೆ ತರಿಸಿಕೊಳ್ಳಿ. ಸಿಬಿಲ್ ಮೊದಲಾದ ನಾಲ್ಕು ಸಂಸ್ಥೆಗಳಿವೆ, ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಎಂದೋ ತೀರಿಸಿದ ಟ್ರ್ಯಾಕ್ಟರ್ ಸಾಲ ಇನ್ನೂ ಬಾಕಿ ಎಂದು ಅಲ್ಲಿ ಕಾಣುವುದುಂಟು. ಅದನ್ನು ಸರಿಪಡಿಸದೆ ಹೋದರೆ ಬಡ್ಡಿ ಎರಡು ಮೂರು ರೂಪಾಯಿ ಏರುತ್ತದೆ, ಇಲ್ಲವೇ ಸಾಲವೇ ಸಿಗುವುದಿಲ್ಲ. ವಿಚಾರಿಸುವುದು ಬೇರೆ, ಅರ್ಜಿ ಹಾಕುವುದು ಬೇರೆ. ಹತ್ತು ಕಡೆ ವಿಚಾರಿಸಿ, ಒಂದೆರಡು ಕಡೆ ಮಾತ್ರ ಅರ್ಜಿ ಹಾಕಿ. ಸಿಕ್ಕಸಿಕ್ಕಲ್ಲಿ ಅರ್ಜಿ ಹಾಕಿದರೆ ಅದೂ ವರದಿಯಲ್ಲಿ ದಾಖಲಾಗಿ ಅಂಕ ಕುಗ್ಗುತ್ತದೆ.

ಮೊಬೈಲಿನಲ್ಲೇ ಸಾಲ ತೆಗೆಯುವ ಮಕ್ಕಳಿಗೆ ಒಂದು ಮಾತು. ಡಿಜಿಟಲ್ ಸಾಲಗಳಲ್ಲಿ ಮನಸ್ಸು ಬದಲಾಯಿಸಲು ಕನಿಷ್ಠ ಒಂದು ದಿನದ ಅವಕಾಶ ಕೊಡಲೇಬೇಕು. ಅಷ್ಟರೊಳಗೆ ಅಸಲನ್ನೂ ಅಷ್ಟು ಸಮಯದ ಖರ್ಚನ್ನೂ ಹಿಂದಿರುಗಿಸಿದರೆ ದಂಡವಿಲ್ಲ. ಆ ದಿನ ಕಳೆದರೆ ಕರಾರು ಕರಾರೇ.

ಪತ್ತಿನ ಸಂಘಗಳ ಹಾಗೂ ಸೌಹಾರ್ದ ಸಹಕಾರಿಗಳ ಸದಸ್ಯರೂ ಒಂದು ವಿಷಯ ತಿಳಿದಿರಬೇಕು. ರಿಸರ್ವ್ ಬ್ಯಾಂಕಿನ ಮೇಲಿನ ನಿರ್ದೇಶನ ಸಹಕಾರಿ ಬ್ಯಾಂಕುಗಳಿಗೆ ಅನ್ವಯಿಸುತ್ತದೆ. ಪ್ರಾಥಮಿಕ ಪತ್ತಿನ ಸಂಘಗಳು, ಸೌಹಾರ್ದಗಳು ರಾಜ್ಯದ ಸಹಕಾರ ಕಾಯಿದೆಗಳ ಕೆಳಗೆ ನಡೆಯುವಂಥವು. ಅಲ್ಲಿ ಮುಂಚೆ ತೀರಿಸಲು ಶುಲ್ಕವಿದೆಯೇ ಎಂಬುದು ಆಯಾ ಸಂಘದ ಸಾಲ ನಿಯಮದಲ್ಲಿ ಇರುತ್ತದೆ. ಇದ್ದರೆ ತೆಗೆಸಿಹಾಕುವ ಅಧಿಕಾರ ಸದಸ್ಯರಿಗೇ ಇದೆ. ವಾರ್ಷಿಕ ಮಹಾಸಭೆಯಲ್ಲಿ ಲಡ್ಡು, ಖಾರದ ನಂತರ ಎದ್ದುಹೋಗದೆ ಈ ಒಂದು ಪ್ರಶ್ನೆಯನ್ನು ಎತ್ತಬಹುದು.

ಈಗಾಗಲೇ ಶುಲ್ಕವಿರುವ ಸಾಲದಲ್ಲಿ ಸಿಕ್ಕಿಕೊಂಡವರು ಏನು ಮಾಡಬೇಕು? ದಂಡ ಕೊಡುವುದು ಅವಮಾನವೆಂದು ಹಟ ಹಿಡಿದು ಕಂತು ಮುಂದುವರಿಸುವುದು ಯಾವಾಗಲೂ ಜಾಣತನವಲ್ಲ. ನಮ್ಮ ಮೊದಲ ಲೆಕ್ಕದಲ್ಲೇ ನೋಡಿ. ಹತ್ತನೇ ಕಂತಿನ ಹೊತ್ತಿಗೆ ದಂಡ 7,120 ರೂ., ಆದರೆ ಮುಂದೆ ಇನ್ನೂ ಹೋಗಬೇಕಾದ ಬಡ್ಡಿ ಸುಮಾರು 19,380 ರೂ. ಕೈಯಲ್ಲಿ ಹಣ ಸುಮ್ಮನೆ ಇದ್ದರೆ ದಂಡ ಕೊಟ್ಟೇ ತೀರಿಸುವುದು ಲಾಭ. ಅದೇ ಸಾಲದಲ್ಲಿ ಒಂಬತ್ತು ಅಥವಾ ಅದಕ್ಕಿಂತ ಕಡಿಮೆ ಕಂತು ಉಳಿದಿದ್ದರೆ ದಂಡವೇ ಬಡ್ಡಿಗಿಂತ ಹೆಚ್ಚಾಗುತ್ತದೆ. ಆಗ ಸುಮ್ಮನೆ ಕಂತು ಕಟ್ಟಿ ಮುಗಿಸುವುದು ಮೇಲು. ಶುಲ್ಕವಿಲ್ಲದೆ ತುಂಡು ತುಂಡಾಗಿ ಕಟ್ಟಲು ಬಿಡುವುದಾದರೆ ಅದು ಇನ್ನೂ ಒಳ್ಳೆಯದು. ಹಾಗೆ ಕಟ್ಟಿದಾಗ ಕಂತಿನ ಮೊತ್ತ ಇಳಿಸಬೇಡಿ, ಕಂತುಗಳ ಸಂಖ್ಯೆ ಇಳಿಸಿ ಎಂದು ಬರೆದುಕೊಡಿ. ಬಡ್ಡಿ ಉಳಿಯುವುದು ಅದರಲ್ಲೇ. ಮುಂದಿನ ವರ್ಷ ಬೆಳೆ ಹೇಗೋ ಎಂಬ ಅಂಜಿಕೆ ಇದ್ದವರು ಮಾತ್ರ ಕಂತು ಇಳಿಸಿಕೊಳ್ಳಲಿ.

ಎರಡು ಮೂರು ಸಾಲ ಇರುವವರು ಹಣ ಬಂದ ಉತ್ಸಾಹದಲ್ಲಿ ಶೂನ್ಯ ಬಡ್ಡಿಯ ಬೆಳೆ ಸಾಲವನ್ನು ವಾಯಿದೆಗೆ ನಾಲ್ಕು ತಿಂಗಳ ಮುಂಚೆ ತೀರಿಸಿ, ಶೇಕಡಾ 16ರ ಸಾಲವನ್ನು ಇಟ್ಟುಕೊಳ್ಳುವುದನ್ನು ನಾವು ನೋಡಿದ್ದೇವೆ. ಸಂಘದಲ್ಲಿ ಒಳ್ಳೆಯ ಹೆಸರು ಬರುತ್ತದೆ ನಿಜ, ಆದರೆ ನಷ್ಟ. ಮೊದಲು ದುಬಾರಿಯದು, ಬೆಳೆ ಸಾಲ ವಾಯಿದೆಯ ದಿನಕ್ಕೆ. ಆ ದಿನ ತಪ್ಪಿಸಬೇಡಿ, ತಪ್ಪಿದರೆ ಬಡ್ಡಿ ರಿಯಾಯಿತಿ ಹೋಗುತ್ತದೆ. ಹಾಗೆಯೇ, ಬೇಗ ತೀರಿಸಬೇಕೆಂಬ ಆತುರದಲ್ಲಿ ಅರ್ಧ ಒಣಗಿದ ಕಾಫಿಯನ್ನೋ ಹಸಿ ಅಡಿಕೆಯನ್ನೋ ಬಂದ ಬೆಲೆಗೆ ಕೊಟ್ಟರೆ, ಉಳಿದ ಬಡ್ಡಿಯ ಎರಡರಷ್ಟು ಧಾರಣೆಯಲ್ಲಿ ಹೋಗಿರುತ್ತದೆ.

ತೀರಿಸಿದ ದಿನದ ಕೆಲಸ ಹಣ ಎಣಿಸುವುದರೊಂದಿಗೆ ಮುಗಿಯುವುದಿಲ್ಲ. ಇಂತಿಂಥ ತಾರೀಖಿಗೆ ಬಾಕಿ ಇಷ್ಟು ಎಂಬ ಲೆಕ್ಕವನ್ನು ಮೊದಲೇ ಬರಹದಲ್ಲಿ ಪಡೆದು, ಅದರಲ್ಲಿ ಶುಲ್ಕ ಬೇರೆ, ಬಡ್ಡಿ ಬೇರೆ ತೋರಿಸಿದ್ದಾರೆಯೇ ನೋಡಿ. ಮಂಜೂರಾತಿ ಪತ್ರದಲ್ಲಿ ಇಲ್ಲದ ಶುಲ್ಕವಿದ್ದರೆ ಅಲ್ಲೇ ಬರಹದಲ್ಲಿ ತಕರಾರು ಕೊಡಿ. ಬ್ಯಾಂಕು ಅಥವಾ ಕಂಪನಿ 30 ದಿನದಲ್ಲಿ ಸರಿಯಾದ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಹೋಗಬಹುದು, ಅದಕ್ಕೆ ಖರ್ಚಿಲ್ಲ. ವಿಚಾರಣೆಗೆ 14448 ಎಂಬ ದೂರವಾಣಿ ಸಂಖ್ಯೆ ಇದೆ. ಪತ್ತಿನ ಸಂಘದ ಮೇಲಿನ ದೂರಾದರೆ ಸಹಕಾರ ಇಲಾಖೆಯ ನಿಬಂಧಕರ ಕಚೇರಿಗೆ. ಸಾಲದ ಜೊತೆ ವಿಮೆ ಸೇರಿಸಿದ್ದರೆ, ಉಳಿದ ಅವಧಿಯ ಕಂತು ಹಿಂದಿರುಗುತ್ತದೆಯೇ ಎಂದೂ ಕೇಳಿ.

ಬಾಕಿ ಇಲ್ಲವೆಂಬ ಪತ್ರ ಕೈಗೆ ಬರಬೇಕು. ಕೊಟ್ಟಿದ್ದ ಚೆಕ್ಕುಗಳನ್ನು ಎಣಿಸಿ ವಾಪಸು ಪಡೆಯಬೇಕು. ಖಾತೆಯಿಂದ ತಾನಾಗಿ ಕಂತು ಕಡಿತವಾಗುವ ಆದೇಶವನ್ನು ರದ್ದುಪಡಿಸಬೇಕು. ತೋಟದ ಅಥವಾ ಮನೆಯ ಕಾಗದ ಅಡವಿಟ್ಟಿದ್ದರೆ, ಪೂರ್ತಿ ತೀರಿಸಿದ 30 ದಿನದೊಳಗೆ ಮೂಲ ಪತ್ರಗಳನ್ನು ಕೊಡಬೇಕು. ತಡವಾದರೆ, ತಪ್ಪು ಅವರದ್ದಾಗಿದ್ದಲ್ಲಿ, ದಿನಕ್ಕೆ 5,000 ರೂ. ಪರಿಹಾರ ಕೊಡಬೇಕೆಂಬ ನಿಯಮ 2023ರ ಡಿಸೆಂಬರ್ 1ರಿಂದ ಇದೆ. ಪಹಣಿಯ 11ನೇ ಕಾಲಂನಲ್ಲಿ ಬೋಜಾ ಕೂರಿಸಿದ್ದರೆ ಅದನ್ನು ಇಳಿಸಿದ ಹೊಸ ಪಹಣಿಯನ್ನು ತೆಗೆಸಿ ಕಣ್ಣಾರೆ ನೋಡಿ. ನಮ್ಮ ಸದಸ್ಯರೊಬ್ಬರು ಅಪ್ಪ ತೀರಿಸಿದ ಸಾಲದ ಬೋಜಾ ಇಳಿಸಲು, ಅಪ್ಪ ತೀರಿಕೊಂಡ ಮೇಲೆ ತಾಲ್ಲೂಕು ಕಚೇರಿಗೆ ಹನ್ನೊಂದು ಸಲ ಅಲೆದರು.

ಮುಂದಿನ ಮಾಸದ ಸಭೆಯ ದಿನ ಮಧ್ಯಾಹ್ನ, ನಿಮ್ಮಲ್ಲಿರುವ ಮಂಜೂರಾತಿ ಪತ್ರ, ಮುಖ್ಯಾಂಶಗಳ ಹಾಳೆಗಳನ್ನು ತಂದರೆ ಕಚೇರಿಯಲ್ಲಿ ನಾವೆಲ್ಲ ಕುಳಿತು ಓದಿ ಲೆಕ್ಕ ಹಾಕಿಕೊಡುತ್ತೇವೆ. ಕನ್ನಡಕ ಮರೆಯದೆ ತನ್ನಿ, ಫೋರ್‌ಕ್ಲೋಶರ್ ಸಾಲನ್ನು ಬಹಳ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕುತ್ತಾರೆ.